ಹಿತ್ತಾಳೆ ತಪ್ಪಲೆಯ ಹಾಲು

ಕಳೆದ ವರ್ಷದ ಮಳೆಗಾಲದಲ್ಲಿ ಅಕ್ಕನ ಮಗಳಿಗೆ ಜ್ವರ ಬಂತು. ಪಾಪುವಿಗೆ ಆಗ ಇಪ್ಪತ್ತು ತಿಂಗಳು. ನಾಲ್ಕು ದಿನವಾದರೂ ಜ್ವರ ಇಳಿಯದೆ ಇದ್ದಾಗ ಆರ್.ಟಿ. ನಗರದ ಮನೆಯ ಹತ್ತಿರದ ಮಕ್ಕಳ ಡಾಕ್ಟರು ರಕ್ತ ಪರೀಕ್ಷೆ ಬರೆದುಕೊಟ್ಟರು. ಡೆಂಗಿ ಇರಲಿಲ್ಲ. ಐದನೇ ದಿನ ಜ್ವರವೂ ಬಿಟ್ಟಿತು. ಆದರೆ ಲ್ಯಾಬಿನವರು ಭಾವನ ಮೊಬೈಲಿಗೆ ಕಳಿಸಿದ ವರದಿಯಲ್ಲಿ ಎರಡು ಸಾಲು ದಪ್ಪ ಅಕ್ಷರದಲ್ಲಿದ್ದವು. ಎಸ್‌ಜಿಒಟಿ 142, ಎಸ್‌ಜಿಪಿಟಿ 186. ಪಕ್ಕದಲ್ಲಿ ಮಿತಿ 40 ಎಂದು ಬರೆದಿತ್ತು.

ನಾನು ಆವತ್ತು ಯಲಹಂಕದ ನನ್ನ ಬಾಡಿಗೆ ರೂಮಿನಿಂದ ಹೊರಟು ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಅಕ್ಕ ಫೋನ್ ಮಾಡಿ, "ಲಿವರ್‌ಗೆ ಏನೋ ಆಗಿದೆಯಂತೆ ಕಣೇ" ಎಂದಳು. ಅವಳ ಹಿಂದೆ ಅಜ್ಜಿಯ ದನಿ ಕೇಳಿಸಿತು. "ಲಿವರ್ರಾ? ಯಾರಿಗೆ?" ಆಮೇಲೆ ಅಜ್ಜಿ ಮಾತಾಡಲಿಲ್ಲ.

ನಾನು ಮನೆ ತಲುಪುವಾಗ ಪಾಪು ಹಾಲಿನಲ್ಲಿ ಬಿಸ್ಕತ್ತು ಅದ್ದಿ ನೆಲಕ್ಕೆಲ್ಲ ಚೆಲ್ಲುತ್ತ ಕೂತಿದ್ದಳು. ಅಜ್ಜಿ ದೇವರ ಮುಂದೆ ದೀಪ ಹಚ್ಚಿಟ್ಟು ಸುಮ್ಮನೆ ಕೂತಿದ್ದರು. ಎಂಬತ್ತೆರಡು ವರ್ಷದ ಅಜ್ಜಿಗೆ 'ಲಿವರ್' ಎಂಬುದು ಹೊಟ್ಟೆಯೊಳಗಿನ ಒಂದು ಅಂಗದ ಹೆಸರಲ್ಲ, ಒಂದು ಕಾಯಿಲೆಯ ಹೆಸರು. 1963ರಲ್ಲಿ ದೊಡ್ಡಬಳ್ಳಾಪುರದ ಆಚೆಯ ಹಳ್ಳಿಯೊಂದರಲ್ಲಿ ಅವರ ಚೊಚ್ಚಲ ಗಂಡುಮಗು ಹದಿನಾಲ್ಕು ತಿಂಗಳಿಗೆ ತೀರಿಕೊಂಡಿತು. ನಮಗೆ ದೊಡ್ಡ ಸೋದರಮಾವ ಆಗಬೇಕಿದ್ದವನು. "ಮಗೂಗೆ ಲಿವರ್ ಆಗಿತ್ತು" ಎನ್ನುವುದಷ್ಟೇ ನಾವು ಅವನ ಬಗ್ಗೆ ಕೇಳಿದ್ದ ಮಾತು.

ನನ್ನ ಪಿಎಚ್.ಡಿ. ಹಳೆಯ ಮೈಸೂರು ಸೀಮೆಯ ಪತ್ರಿಕೆಗಳಲ್ಲಿ ಬರುತ್ತಿದ್ದ ಔಷಧ ಜಾಹೀರಾತುಗಳ ಬಗ್ಗೆ. ಹಾಗಾಗಿ 'ಮಕ್ಕಳ ಲಿವರ್' ಎಂಬ ಮಾತು ನನಗೆ ಹೊಸದಲ್ಲ. ಮದರಾಸಿನ ಮೈಲಾಪುರದ ಜಮ್ಮಿ ವೆಂಕಟರಮಣಯ್ಯನವರ 'ಲಿವರ್ ಕ್ಯೂರ್' ದಕ್ಷಿಣ ಭಾರತಕ್ಕೆಲ್ಲ ಗೊತ್ತಿದ್ದ ಹೆಸರು. ಇಂಥ ಜಾಹೀರಾತುಗಳನ್ನು ನಾನು ಎಷ್ಟೋ ಸಲ ನೋಡಿ, ಟಿಪ್ಪಣಿ ಮಾಡಿಕೊಂಡು, ಮುಂದಿನ ಪುಟಕ್ಕೆ ಹೋಗಿದ್ದೇನೆ. ಒಂದು ಔಷಧವನ್ನು ಮಾರಬೇಕಾದರೆ ಕೊಳ್ಳುವವರಿರಬೇಕು, ಕೊಳ್ಳುವವರಿದ್ದರೆಂದರೆ ಅಷ್ಟು ಮನೆಗಳಲ್ಲಿ ಹೊಟ್ಟೆ ಊದಿದ ಮಕ್ಕಳಿದ್ದರು ಎಂಬ ಸರಳ ಲೆಕ್ಕ ನನಗೆ ಆ ರಾತ್ರಿಯವರೆಗೂ ಹೊಳೆದಿರಲಿಲ್ಲ.

ಮೊದಲು ಆ ಎರಡು ಸಂಖ್ಯೆಗಳ ಇತಿಹಾಸ ಹೇಳಿಬಿಡುತ್ತೇನೆ, ಯಾಕೆಂದರೆ ಮನೆಯವರನ್ನೆಲ್ಲ ಹೆದರಿಸಿದ್ದು ಅವೇ. ಈ ಪರೀಕ್ಷೆಗೆ ಎಪ್ಪತ್ತು ವರ್ಷಕ್ಕಿಂತ ಸ್ವಲ್ಪ ಹೆಚ್ಚು ವಯಸ್ಸು, ಅಂದರೆ ಅದು ನಮ್ಮ ಅಜ್ಜಿಗಿಂತ ಚಿಕ್ಕದು. ನ್ಯೂಯಾರ್ಕಿನಲ್ಲಿ ಲಾಡ್ಯೂ, ರೊಬ್ಲೆವ್ಸ್ಕಿ ಮತ್ತು ಆರ್ಥರ್ ಕಾರ್ಮೆನ್ ಎಂಬ ಮೂವರು 1954ರಲ್ಲಿ ಹೃದಯಾಘಾತವಾದವರ ರಕ್ತದಲ್ಲಿ ಎಸ್‌ಜಿಒಟಿ ಎಂಬ ಕಿಣ್ವ ಏರಿರುವುದನ್ನು ತೋರಿಸಿದರು. ಅವರು ಹುಡುಕಿದ್ದು ಹೃದಯದ ಸುದ್ದಿಯನ್ನು. ಬೇಗನೆ ಗೊತ್ತಾದದ್ದು, ಲಿವರ್ ಕೆಟ್ಟವರಲ್ಲಿ ಇದು ಇನ್ನೂ ಜೋರಾಗಿ ಏರುತ್ತದೆ ಎಂದು. 1957ರಲ್ಲಿ ರೈಟ್‌ಮನ್ ಮತ್ತು ಫ್ರಾಂಕೆಲ್ ಬಣ್ಣದ ಮೂಲಕ ಅಳೆಯುವ ಸುಲಭ ವಿಧಾನವೊಂದನ್ನು ಪ್ರಕಟಿಸಿದ ಮೇಲೆ ಸಾಧಾರಣ ಲ್ಯಾಬುಗಳೂ ಇದನ್ನು ಮಾಡಬಹುದಾಯಿತು. ಈಗ ವೈದ್ಯಪುಸ್ತಕಗಳು ಎಎಸ್‌ಟಿ, ಎಎಲ್‌ಟಿ ಎನ್ನುತ್ತವೆ. ನಮ್ಮ ಲ್ಯಾಬುಗಳು ಮಾತ್ರ ಹಳೆಯ ಹೆಸರನ್ನು ಬಿಟ್ಟಿಲ್ಲ.

ಈ ಕಿಣ್ವಗಳ ಕೆಲಸ ಜೀವಕೋಶದ ಒಳಗೆ. ಮನೆಯೊಳಗಿನ ಪಾತ್ರೆ ಬೀದಿಯಲ್ಲಿ ಬಿದ್ದಿದ್ದರೆ ಎಲ್ಲೋ ಗೋಡೆ ಬಿರುಕುಬಿಟ್ಟಿದೆ ಎಂದು ತಿಳಿಯಬೇಕು, ಅಷ್ಟೇ. ಬಿರುಕು ಯಾಕೆ ಬಿತ್ತು, ಮನೆ ನಿಲ್ಲುತ್ತದೋ ಬೀಳುತ್ತದೋ ಎಂಬುದನ್ನು ಆ ಪಾತ್ರೆ ಹೇಳುವುದಿಲ್ಲ. ಯಾರ ಮನೆಯ ಗೋಡೆ ಎಂಬುದನ್ನೂ ಅದು ಖಚಿತವಾಗಿ ಹೇಳುವುದಿಲ್ಲ. ಎಸ್‌ಜಿಒಟಿ ಹೃದಯ, ಮಾಂಸಖಂಡ, ಕೆಂಪು ರಕ್ತಕಣಗಳಲ್ಲೂ ಇದೆ. ಎಸ್‌ಜಿಪಿಟಿ ಹೆಚ್ಚಾಗಿ ಲಿವರಿನದೇ ಆದರೂ ಮಾಂಸಖಂಡದಲ್ಲೂ ತುಸು ಇದೆ. ಡುಷೆನ್ ಎಂಬ ಸ್ನಾಯುಕ್ಷಯದ ಕಾಯಿಲೆಯಿರುವ ಹುಡುಗರು ಎಷ್ಟೋ ಸಲ ಮೊದಲು ಲಿವರ್ ತಜ್ಞರ ಬಳಿಗೆ ಹೋಗಿಬಿಡುವುದು ಇದರಿಂದಲೇ. ಇನ್ನು 'ಮಿತಿ' ಎಂಬುದೂ ಆಕಾಶದಿಂದ ಇಳಿದದ್ದಲ್ಲ. 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ನೋಡಿದರೆ, ಅಲ್ಲಿನ ಮಕ್ಕಳ ಆಸ್ಪತ್ರೆಗಳು ಎಎಲ್‌ಟಿಗೆ ಇಟ್ಟುಕೊಂಡಿದ್ದ ಮೇಲಿನ ಮಿತಿ ಒಂದು ಕಡೆ 30, ಇನ್ನೊಂದು ಕಡೆ 90. ಒಂದೇ ಮಗು ಊರು ಬದಲಿಸಿದರೆ ಆರೋಗ್ಯವೂ ಬದಲಾಗಬಹುದಿತ್ತು.

ಮರುದಿನ ಡಾಕ್ಟರ ಹತ್ತಿರ ನಾನೂ ಹೋದೆ. ಅವರು ವರದಿಯನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟು ಪಾಪುವಿನ ಹೊಟ್ಟೆಯ ಮೇಲೆ ಕೈಯಿಟ್ಟರು. ಬಲಗಡೆಯ ಪಕ್ಕೆಲುಬಿನ ಕೆಳಗೆ ಬೆರಳುಗಳನ್ನು ಮೆಲ್ಲಗೆ ಒತ್ತಿ, ಉಸಿರಾಟಕ್ಕೆ ತಕ್ಕಂತೆ ಕಾದು ನೋಡಿದರು. ಕಣ್ಣು ಹಳದಿಯಾಗಿದೆಯೇ, ಮೂತ್ರದ ಬಣ್ಣ ಹೇಗಿದೆ, ಮಲ ಬಿಳಿಚಿದೆಯೇ ಎಂದು ಕೇಳಿದರು. "ಬಿಲಿರುಬಿನ್ ಸರಿಯಿದೆ, ಅಲ್ಬುಮಿನ್ ಸರಿಯಿದೆ, ರಕ್ತ ಹೆಪ್ಪುಗಟ್ಟೋದೂ ಸರಿಯಿದೆ. ಲಿವರ್ ತನ್ನ ಕೆಲಸ ಮಾಡ್ತಾ ಇದೆ ಅಂತ ಹೇಳೋದು ಇವು. ಆ ಎರಡು ಏನೋ ತಾಕಿದೆ ಅಂತ ಮಾತ್ರ ಹೇಳ್ತವೆ" ಎಂದರು. ಹೆಚ್ಚಿನ ಪಾಲು ಇದು ವೈರಸ್ ಜ್ವರದ ಗುರುತು, ಮೂರು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡೋಣ, ಇಳಿಯದೆ ಇದ್ದರೆ ಮುಂದಿನ ಹುಡುಕಾಟ ಎಂದರು. ಸ್ನಾಯುವಿನದಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಸಿಪಿಕೆ ಎಂಬ ಇನ್ನೊಂದು ಪರೀಕ್ಷೆ ಸೇರಿಸಿದರು. ಜ್ವರದ ಔಷಧಿ ಎಷ್ಟು ಎಂಎಲ್, ಎಷ್ಟು ಹೊತ್ತಿಗೊಮ್ಮೆ ಕೊಟ್ಟಿರಿ ಎಂದು ಲೆಕ್ಕ ಕೇಳಿದರು. ಕಷಾಯ, ನಾಟಿ ಔಷಧಿ ಏನಾದರೂ ಕೊಟ್ಟಿದ್ದೀರಾ ಎಂದರು.

ಕೊನೆಗೆ ಕೇಳಿದರು, "ಹಾಲು ಯಾವ ಪಾತ್ರೆಯಲ್ಲಿ ಕಾಯಿಸ್ತೀರಾ?"

ಅಕ್ಕ ಸ್ಟೀಲ್ ಎಂದಳು. ಡಾಕ್ಟರು ತಲೆಯಾಡಿಸಿ, "ಈಗ ಈ ಪ್ರಶ್ನೆ ಕೇಳೋ ಅಗತ್ಯ ಬರಲ್ಲ. ನಾನು ಓದುವಾಗ ನಮ್ಮ ಮೇಷ್ಟ್ರು ಕೇಳ್ತಿದ್ರು, ಅಭ್ಯಾಸ" ಎಂದು ನಕ್ಕರು.

ಮೇಷ್ಟ್ರು ಯಾಕೆ ಕೇಳುತ್ತಿದ್ದರು ಎಂದು ಹುಡುಕಿಕೊಂಡು ಹೋದಾಗ ನನಗೆ ಸಿಕ್ಕಿದ ಕಥೆ ಇದು.

1887ರಲ್ಲಿ ಕಲ್ಕತ್ತೆಯ ಸೇನ್ ಎಂಬ ವೈದ್ಯರು ಎಳೆಯ ಮಕ್ಕಳನ್ನು ಕೊಲ್ಲುವ ಒಂದು ಲಿವರ್ ಕಾಯಿಲೆಯ ಬಗ್ಗೆ ಬರೆದರು. ಆರು ತಿಂಗಳಿನಿಂದ ಮೂರ್ನಾಲ್ಕು ವರ್ಷದೊಳಗಿನ ಮಕ್ಕಳು. ಮೊದಮೊದಲು ಸಿಡಿಮಿಡಿ, ಊಟ ಸೇರದು, ಸಣ್ಣ ಜ್ವರ. ಆಮೇಲೆ ಹೊಟ್ಟೆ ದೊಡ್ಡದಾಗುತ್ತದೆ. ಒತ್ತಿ ನೋಡಿದರೆ ಲಿವರ್ ಗಟ್ಟಿಯಾಗಿ, ಅಂಚು ಎಲೆಯ ಅಂಚಿನ ಹಾಗೆ ಚೂಪಾಗಿ ಕೈಗೆ ಸಿಗುತ್ತದೆ. ಕಾಮಾಲೆ ಕಾಣಿಸಿಕೊಂಡಿತೆಂದರೆ ಉಳಿದದ್ದು ಕೆಲವು ತಿಂಗಳು. ಒಂದೇ ಮನೆಯಲ್ಲಿ ಎರಡು ಮೂರು ಮಕ್ಕಳು ಹೀಗೆ ಹೋದದ್ದೂ ಉಂಟು. ಮುಂದೆ ಇದಕ್ಕೆ 'ಇಂಡಿಯನ್ ಚೈಲ್ಡ್‌ಹುಡ್ ಸಿರೋಸಿಸ್' ಎಂಬ ಹೆಸರೇ ನಿಂತಿತು. ದೇಶದ ಹೆಸರನ್ನು ಹೊತ್ತ ಕಾಯಿಲೆ. ಐಸಿಎಂಆರ್‌ನ ಲಿವರ್ ಕಾಯಿಲೆಗಳ ಉಪಸಮಿತಿ 1955ರಲ್ಲಿ ಇದರ ಮೇಲೆ ವರದಿ ಪ್ರಕಟಿಸಿತು. ಮದರಾಸಿನ ಎಸ್. ಟಿ. ಆಚಾರ್ ಮತ್ತು ಜೊತೆಗಾರರು 1960ರಲ್ಲಿ ವಿವರವಾಗಿ ಬರೆದರು. ವಿಚಿತ್ರವೆಂದರೆ ಇದು ತೀರ ಬಡವರ ಮಕ್ಕಳ ಕಾಯಿಲೆಯಾಗಿರಲಿಲ್ಲ. ಹಸು ಇರುವ, ಹಾಲು ಇರುವ, ಪಾತ್ರೆ ಪಡಗ ಇರುವ ಮಧ್ಯಮ ವರ್ಗದ ಮನೆಗಳಲ್ಲಿ, ಅದರಲ್ಲೂ ಸಸ್ಯಾಹಾರಿ ಮನೆಗಳಲ್ಲಿ ಹೆಚ್ಚು ಎಂದು ವೈದ್ಯರು ಗುರುತಿಸುತ್ತ ಬಂದಿದ್ದರು. ಅಪೌಷ್ಟಿಕತೆಯೋ, ವೈರಸ್ಸೋ, ರಕ್ತಸಂಬಂಧದ ಮದುವೆಯೋ ಎಂದು ಊಹೆ ನಡೆದೇ ಇತ್ತು.

1978 ಮತ್ತು 1979ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಎರಡು ವರದಿ ಬಂದವು. ಈ ಮಕ್ಕಳ ಲಿವರಿನ ತುಣುಕುಗಳಿಗೆ ಓರ್ಸೀನ್ ಎಂಬ ಬಣ್ಣ ಹಾಕಿ ನೋಡಿದ ಪೋರ್ಟ್‌ಮನ್, ಟ್ಯಾನರ್ ಮೊದಲಾದವರಿಗೆ ತಾಮ್ರ ಸೇರಿಕೊಂಡಿರುವ ಗುರುತು ಕಂಡಿತು. ಅಳೆದಾಗ ಪ್ರಮಾಣ ಗಾಬರಿಯಾಗುವಷ್ಟಿತ್ತು. ಒಣಗಿದ ಲಿವರಿನ ಒಂದು ಗ್ರಾಂನಲ್ಲಿ ಸಾಮಾನ್ಯವಾಗಿ 50 ಮೈಕ್ರೋಗ್ರಾಂ ಒಳಗೆ ಇರಬೇಕಾದ ತಾಮ್ರ ಈ ಮಕ್ಕಳಲ್ಲಿ 800ನ್ನೂ ದಾಟಿರುತ್ತಿತ್ತು. ಅಷ್ಟು ತಾಮ್ರ ಎಲ್ಲಿಂದ? ಬ್ರಿಟನ್ನಿನ ಸ್ಟುವರ್ಟ್ ಟ್ಯಾನರ್, ಪುಣೆಯ ಕೆಇಎಂ ಆಸ್ಪತ್ರೆಯ ಶೀಲಾ ಭಾವೆ ಮತ್ತು ಆನಂದ ಪಂಡಿತ್ ಮಕ್ಕಳ ಮನೆಯ ಅಡುಗೆಮನೆಯತ್ತ ತಿರುಗಿದರು. 1983ರಲ್ಲಿ ಅವರ ಉತ್ತರ ಪ್ರಕಟವಾಯಿತು. ಎಳೆಯ ವಯಸ್ಸಿನಲ್ಲೇ ಎದೆಹಾಲು ಬಿಡಿಸಿ, ಹಸು ಎಮ್ಮೆಗಳ ಹಾಲನ್ನು ಹಿತ್ತಾಳೆ ತಾಮ್ರದ ಪಾತ್ರೆಗಳಲ್ಲಿ ಕಾಯಿಸಿ, ಅದರಲ್ಲೇ ಇಟ್ಟು ಕುಡಿಸಿದ್ದು.

ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಹಾಲಿನ ಪ್ರೋಟೀನು ಪಾತ್ರೆಯಿಂದ ತಾಮ್ರವನ್ನು ಎಳೆದುಕೊಂಡು ಹಿಡಿದಿಡುತ್ತದೆ. ಒಳಗೆ ಕಲಾಯಿ ಇದ್ದರೆ ತವರದ ಆ ತೆಳು ಪದರ ಹಾಲನ್ನೂ ಹಿತ್ತಾಳೆಯನ್ನೂ ದೂರವಿಡುತ್ತದೆ, ಸವೆದರೆ ಇಲ್ಲ. ಹುಟ್ಟಿದ ಮಗುವಿನ ಲಿವರಿನಲ್ಲಿ ಮೊದಲೇ ತಾಮ್ರ ಹೆಚ್ಚಿರುತ್ತದೆ, ಅದನ್ನು ಪಿತ್ತದ ಮೂಲಕ ಹೊರಹಾಕುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ದೊಡ್ಡವರು ಅದೇ ಹಾಲಿನ ಕಾಫಿ ಕುಡಿದು ಗಟ್ಟಿಯಾಗಿರುತ್ತಾರೆ, ಕೂಸು ತಡೆದುಕೊಳ್ಳುವುದಿಲ್ಲ. ಮೈಯೊಳಗಿನ ತಾಮ್ರವನ್ನು ಹೊರತೆಗೆಯುವ ಪೆನಿಸಿಲಮಿನ್ ಎಂಬ ಔಷಧಿಯನ್ನು, ವಿಲ್ಸನ್ ಕಾಯಿಲೆಗೆಂದು 1956ರಲ್ಲಿ ಜಾನ್ ವಾಲ್ಷ್ ಬಳಕೆಗೆ ತಂದಿದ್ದನ್ನು, ಪುಣೆಯಲ್ಲಿ ಈ ಮಕ್ಕಳಿಗೂ ಕೊಟ್ಟು ನೋಡಿದರು. ಕಾಮಾಲೆಗೆ ಮೊದಲೇ ಶುರುಮಾಡಿದ ಕೆಲವು ಮಕ್ಕಳು ಉಳಿದರು. 1990ರ ದಶಕದ ಹೊತ್ತಿಗೆ ಕಾಯಿಲೆಯೇ ಅಪರೂಪವಾಯಿತು.

ಭಾರತದ ಹೆಸರು ಹೊತ್ತಿದ್ದರೂ ಇದು ಭಾರತದ್ದು ಮಾತ್ರ ಆಗಿರಲಿಲ್ಲ. ಆಸ್ಟ್ರಿಯಾದ ಟಿರೋಲ್ ಎಂಬ ಬೆಟ್ಟದ ಸೀಮೆಯಲ್ಲಿ 1900ರಿಂದ 1974ರ ನಡುವೆ 138 ಮಕ್ಕಳು ಇಂಥದೇ ಕಾಯಿಲೆಗೆ ತುತ್ತಾದ ಸಂಗತಿ 1996ರಲ್ಲಿ ಪ್ರಕಟವಾಯಿತು. ಅಲ್ಲಿಯೂ ತಾಮ್ರದ ಪಾತ್ರೆ, ಕಾಯಿಸಿದ ಹಸುವಿನ ಹಾಲು. ಹೊಸ ಪಾತ್ರೆಗಳು ಬಂದ ಮೇಲೆ ಕಾಯಿಲೆ ಹೋಯಿತು. ಆದರೆ ಅದೇ ಹಾಲು ಕುಡಿದ ಎಲ್ಲ ಮಕ್ಕಳಿಗೂ ಬರಲಿಲ್ಲ, ವಂಶದಲ್ಲಿ ಒಂದು ದೌರ್ಬಲ್ಯವೂ ಸೇರಬೇಕಿತ್ತು ಎಂದು ಆ ಅಧ್ಯಯನ ಹೇಳಿತು. ನಮ್ಮಲ್ಲೂ ವಾದ ಮುಗಿದಿಲ್ಲ. ಈ ಕಾಯಿಲೆಯ ಲಿವರುಗಳನ್ನು ದಶಕಗಟ್ಟಲೆ ನೋಡಿದ ರೋಗಶಾಸ್ತ್ರಜ್ಞ ಎನ್. ಸಿ. ನಾಯಕ್ 2013ರಲ್ಲೂ ತಾಮ್ರವೇ ಮೂಲ ಎಂಬುದನ್ನು ಪ್ರಶ್ನಿಸಿ ಬರೆದಿದ್ದಾರೆ.

ಇತಿಹಾಸದ ವಿದ್ಯಾರ್ಥಿಯಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಟಿರೋಲಿನಲ್ಲಿ ಕಾರಣ ತಿಳಿಯುವ ಮೊದಲೇ ಕಾಯಿಲೆ ಹೋಗಿತ್ತು. ನಮ್ಮ ಎಷ್ಟೋ ಮನೆಗಳಲ್ಲೂ ಪಾತ್ರೆ ಬದಲಾದದ್ದು ಡಾಕ್ಟರ ಮಾತಿನಿಂದಲ್ಲ. ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಸೋತ ಹೆಂಗಸರು ಸ್ಟೀಲನ್ನು ಬರಮಾಡಿಕೊಂಡರು. ಕಲಾಯಿಯವನು ಬೀದಿಗೆ ಬರುವುದು ಕಡಿಮೆಯಾಯಿತು. ಹಿತ್ತಾಳೆ ಅಟ್ಟ ಸೇರಿತು, ಹಳೇ ಪಾತ್ರೆಯವನ ತಕ್ಕಡಿ ಸೇರಿತು. ಮಕ್ಕಳನ್ನು ಉಳಿಸಬೇಕೆಂದು ಯಾರೂ ಸ್ಟೀಲ್ ಕೊಳ್ಳಲಿಲ್ಲ, ಆದರೂ ಮಕ್ಕಳು ಉಳಿದರು. ಸಾವುಗಳನ್ನು ಎಣಿಸಿಡುವ ದಾಖಲೆಗಳು ಹೀಗೆ ಬದುಕಿಬಿಟ್ಟವರ ಬಗ್ಗೆ ಒಂದು ಸಾಲೂ ಬರೆಯುವುದಿಲ್ಲ.

ಇಷ್ಟನ್ನು ಓದಿಕೊಂಡ ಮೇಲೆ ನನಗೆ ಕಷ್ಟ ಶುರುವಾಯಿತು. ಅಜ್ಜಿಯನ್ನು ಕೇಳಬೇಕೋ ಬೇಡವೋ? ದಾಖಲೆಯಲ್ಲಿ ಸಿಕ್ಕಿದ ಸತ್ಯವನ್ನು ಪ್ರಬಂಧದಲ್ಲಿ ಬರೆಯುವುದು ಸುಲಭ. ಎದುರಿಗೆ ಕೂತು ಹುರುಳಿಕಾಯಿ ನಾರು ಬಿಡಿಸುತ್ತಿರುವ ಅಜ್ಜಿಗೆ, ಅರವತ್ತು ವರ್ಷದ ಹಿಂದೆ ಸತ್ತ ಮಗುವಿನ ಬಗ್ಗೆ, "ನೀನು ಹಾಲು ಕಾಯಿಸಿದ ಪಾತ್ರೆಯಿಂದ ಇರಬಹುದು" ಎಂದು ಹೇಗೆ ಹೇಳುವುದು? ಸತ್ತವರ ಕಾಯಿಲೆಯನ್ನು ಇಂದಿನ ಜ್ಞಾನದಿಂದ ಪತ್ತೆಹಚ್ಚಲು ಹೋಗಬೇಡಿ ಎಂದು ನಮ್ಮ ವಿಭಾಗದಲ್ಲಿ ಎಚ್ಚರಿಸುತ್ತಾರೆ. ಆ ಮಗುವಿನ ಲಿವರನ್ನು ಯಾರೂ ಪರೀಕ್ಷಿಸಿಲ್ಲ. ಒಂದು ಚೀಟಿಯೂ ಉಳಿದಿಲ್ಲ. ಉಳಿದಿರುವುದು ಅಜ್ಜಿಯ ನೆನಪು ಮಾತ್ರ.

ಕೊನೆಗೆ ಬಾಯಿ ತೆರೆದದ್ದು ಅಜ್ಜಿಯೇ. ಎರಡನೇ ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ. ಪಾಪುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, "ಅವಳಿಗೆ ಎದೆಹಾಲು ಎಷ್ಟು ತಿಂಗಳು ಕೊಟ್ಟಳು ನಿಮ್ಮಕ್ಕ?" ಎಂದರು.

"ಒಂದೂವರೆ ವರ್ಷ ಅಜ್ಜಿ. ಯಾಕೆ?"

"ನನ್ನ ಹಾಲು ಸರಿಯಿರಲಿಲ್ಲ ಕಣೇ. ಅದಕ್ಕೇ ಆ ಮಗು ಹೋಯ್ತು."

ಆಮೇಲೆ ತುಂಡು ತುಂಡಾಗಿ ಹೇಳಿದರು. ಮೂರನೇ ತಿಂಗಳಿಗೆ ಎದೆ ಕಟ್ಟಿ ಜ್ವರ ಬಂತು. ಹಾಲು ಕೆಟ್ಟಿದೆ, ಕುಡಿಸಬೇಡ ಎಂದು ಅವರ ಅತ್ತೆ ಬಿಡಿಸಿದರು. ಮನೆಯಲ್ಲಿ ಹಸು ಕರೆಯುತ್ತಿತ್ತು. ಬೆಳಗ್ಗೆ ಕಾಯಿಸಿದ ಹಾಲು ರಾತ್ರಿಯವರೆಗೂ. ಒಳಲೆಯಲ್ಲಿ ಕುಡಿಸುತ್ತಿದ್ದರು. ಹನ್ನೊಂದು ತಿಂಗಳಿಗೆ ಹೊಟ್ಟೆ ಬಂತು. ಮದರಾಸಿನ ಔಷಧಿ ತರಿಸಿದರು. ಬೆಂಗಳೂರಿನ ಆಸ್ಪತ್ರೆಗೂ ಬಂದಿದ್ದರು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ತಾತನನ್ನು ಮಾತ್ರ ಹೊರಗೆ ಕರೆದು ಏನೋ ಹೇಳಿದರು. ಕಣ್ಣು ಹಳದಿಯಾದ ಮೇಲೆ ಎರಡು ತಿಂಗಳೂ ಇರಲಿಲ್ಲ. ಮೊದಲ ಮೂರು ತಿಂಗಳು ಕುಡಿದ ನಿನ್ನ ಹಾಲೇ ವಿಷವಾಯಿತು ಎಂದು ಅತ್ತೆ ಸಾಯುವವರೆಗೂ ಅನ್ನುತ್ತಿದ್ದರಂತೆ. 1965ರಲ್ಲಿ ಅಮ್ಮ ಹುಟ್ಟಿದಾಗ ಅಜ್ಜಿ ತವರಿಂದ ಬೇಗ ಹಿಂದಿರುಗಲಿಲ್ಲ. ಹೆದರಿಕೊಂಡೇ, ಕದ್ದುಮುಚ್ಚಿ, ಎರಡು ವರ್ಷ ಎದೆಹಾಲು ಕೊಟ್ಟರು. ಅಮ್ಮನಿಗೆ ಏನೂ ಆಗಲಿಲ್ಲ.

"ಹಾಲು ಯಾತರಲ್ಲಿ ಕಾಯಿಸ್ತಿದ್ರಿ ಅಜ್ಜಿ?"

"ಹಿತ್ತಾಳೆ ತಪ್ಪಲೇಲಿ. ಇನ್ಯಾತರಲ್ಲಿ?"

"ಕಲಾಯಿ?"

"ಕಲಾಯಿಯವನು ಜಾತ್ರೆ ಹೊತ್ತಿಗೆ ಬರೋನು. ಆ ವರ್ಷ ಬಂದ ನೆನಪಿಲ್ಲ." ಅಜ್ಜಿ ನನ್ನ ಮುಖ ನೋಡಿದರು. "ಯಾಕೆ ಕೇಳ್ತಿದ್ದೀಯಾ?"

ನಾನು ಹೇಳಿದೆ. ಖಚಿತವಾಗಿ ಹೇಳಲು ಆಗುವುದಿಲ್ಲ ಎಂಬುದನ್ನು ಮೊದಲು ಹೇಳಿದೆ. ಒಂದು ಮನೆಯ ಎರಡು ಮಕ್ಕಳನ್ನು ಇಟ್ಟುಕೊಂಡು ಸಿದ್ಧಾಂತ ಕಟ್ಟಲಾಗದು ಎಂಬುದು ನನಗೆ ಗೊತ್ತು. ಆ ಮಗುವಿಗೆ ಬೇರೆ ಏನೋ ಆಗಿದ್ದಿರಬಹುದು. ಆದರೆ ಆ ಕಾಲದಲ್ಲಿ ಹೀಗೆ ಹೋದ ಮಕ್ಕಳಲ್ಲಿ ಬಹಳ ಮಕ್ಕಳಿಗೆ ತಾಮ್ರ ಸೇರಿತ್ತು, ಅದು ಪಾತ್ರೆಯಿಂದ ಬಂದಿತ್ತು ಎಂದು ಪುಣೆಯ ಡಾಕ್ಟರುಗಳು ಹೇಳಿದ್ದಾರೆ, ಪಾತ್ರೆ ನಿನ್ನದೊಬ್ಬಳದಲ್ಲ, ಊರಿಗೆಲ್ಲ ಅದೇ ಪಾತ್ರೆ ಎಂದೆ. ಎದೆಹಾಲಿನಲ್ಲಿ ತಾಮ್ರ ತೀರ ಕಡಿಮೆ. "ವಿಷ ನಿನ್ನ ಹಾಲಲ್ಲಿ ಇರಲಿಲ್ಲ ಅಜ್ಜಿ. ಅದನ್ನ ಬಿಡಿಸದೆ ಇದ್ದಿದ್ರೆ ಚೆನ್ನಾಗಿತ್ತು, ಅಷ್ಟೇ."

ಅಜ್ಜಿ ಬಹಳ ಹೊತ್ತು ಪಾಪುವಿನ ಕೂದಲು ಸರಿಮಾಡುತ್ತಿದ್ದರು. ನಾನು ಹೇಳಬಾರದಿತ್ತೇನೋ ಅನ್ನಿಸತೊಡಗಿತು.

"ಯಾವಾಗ ಕಂಡುಹಿಡಿದ್ರು ಅಂದೆ?"

"1983ರಲ್ಲಿ."

"ಇಪ್ಪತ್ತು ವರ್ಷ ತಡ" ಎಂದರು. ಮತ್ತೆ ಸ್ವಲ್ಪ ಹೊತ್ತಾದ ಮೇಲೆ, "ಅತ್ತೆ ಅಷ್ಟು ಹೊತ್ತಿಗೆ ಹೋಗಿಬಿಟ್ಟಿದ್ರು. ಇದ್ದಿದ್ರೆ ಹೇಳ್ತಿದ್ದೆ" ಎಂದರು.

ಪಾಪುವಿನ ಎಸ್‌ಜಿಪಿಟಿ ಮೂರು ವಾರಕ್ಕೆ 61ಕ್ಕೆ ಇಳಿದಿತ್ತು, ಎರಡು ತಿಂಗಳಿಗೆ 27. ಸಿಪಿಕೆ ಸರಿಯಿತ್ತು. ಇಂಥದೇ ವೈರಸ್ ಎಂದು ಹೆಸರಿಟ್ಟು ಹೇಳಲಾಗಲಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ ಎಂದರು ಡಾಕ್ಟರು. ಆದರೆ ಆರು ತಿಂಗಳಾದರೂ ಇಳಿಯದೆ ನಿಂತಿದ್ದರೆ, ಅಥವಾ ಮತ್ತೆ ಮತ್ತೆ ಏರಿದ್ದರೆ ಸುಮ್ಮನಿರುವಂತಿರಲಿಲ್ಲ ಎಂದೂ ಹೇಳಿದರು. ತಾಮ್ರದ ಕಥೆ ಹುಟ್ಟಿನಿಂದಲೇ ಬರುವ ವಿಲ್ಸನ್ ಕಾಯಿಲೆಯಲ್ಲಿ ಇನ್ನೂ ಮುಂದುವರಿದಿದೆ. ನಮ್ಮದೇ ಊರಿನ ನಿಮ್ಹಾನ್ಸ್ ಮೂರು ದಶಕಗಳಲ್ಲಿ ನೋಡಿದ 282 ವಿಲ್ಸನ್ ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದೆ. ಬೇಗ ಗುರುತಿಸಿದರೆ ಅದಕ್ಕೆ ಔಷಧಿಯಿದೆ.

ಮೊನ್ನೆ ಆರ್.ಟಿ. ನಗರದ ಅಂಗಡಿಯೊಂದರಲ್ಲಿ ಹಿತ್ತಾಳೆ, ತಾಮ್ರದ ಪಾತ್ರೆಗಳು ಸಾಲಾಗಿ ಕೂತಿದ್ದವು. 'ಪೂರ್ವಿಕರ ಆರೋಗ್ಯದ ಗುಟ್ಟು' ಎಂದು ಬೋರ್ಡು ಹಾಕಿದ್ದರು. ತಾಮ್ರದ ಚೊಂಬಿನ ನೀರು ಬೇರೆ, ಹಿತ್ತಾಳೆಯಲ್ಲಿ ದಿನವಿಡೀ ಇಟ್ಟ ಕೂಸಿನ ಹಾಲು ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ಹೆದರಿಸುವುದು ಸರಿಯಲ್ಲ. ಒಳಗೆ ಕಲಾಯಿ ಇದೆಯೇ ಎಂದು ಅಂಗಡಿಯವರನ್ನು ಕೇಳಿದೆ. "ಅದೇನು ಮೇಡಂ?" ಎಂದರು.

ಅಜ್ಜಿಯ ತಪ್ಪಲೆ ಈಗಲೂ ಇದೆ. ಅಕ್ಕನ ಮನೆಯ ಬಾಲ್ಕನಿಯಲ್ಲಿ ಅದರೊಳಗೆ ದೊಡ್ಡಪತ್ರೆ ಬೆಳೆದಿದೆ. ಅದನ್ನು ಮಾರಿಬಿಡೋಣವೇ ಎಂದು ಅಕ್ಕ ಮೆಲ್ಲಗೆ ಕೇಳಿದಾಗ ಅಜ್ಜಿ ಬೇಡ ಎಂದರು. "ಅದಕ್ಕೇನು ಗೊತ್ತಿತ್ತು ಪಾಪ? ನಮಗೂ ಗೊತ್ತಿರಲಿಲ್ಲ."